ಓದುಗರನ್ನು ನೋಡಿ ದಾರಿ ತೋರುವ ಪುಟಗಳು: ಕನ್ನಡ ಅಕ್ಷರ ಕಲಿಸುವ ತಾಣವೊಂದನ್ನು ಕಟ್ಟುವ ಬಗೆ

ತೆಲುಗು ಓದಲು ಬರುವವರಿಗೆ ಕನ್ನಡ ಅಕ್ಷರ ಕಲಿಸುವುದೂ ಹಿಂದಿ ಮಾತ್ರ ಬರುವವರಿಗೆ ಕಲಿಸುವುದೂ ಒಂದೇ ಕೆಲಸ ಅಲ್ಲ. ತೆಲುಗಿನವರಿಗೆ ಎಷ್ಟೋ ಅಕ್ಷರಗಳು ನೋಡಿದ ಕೂಡಲೇ ಗುರುತು ಸಿಗುತ್ತವೆ. ಹಿಂದಿಯವರಿಗೆ ಎ ಬೇರೆ, ಏ ಬೇರೆ ಎನ್ನುವುದರಿಂದಲೇ ಶುರು ಮಾಡಬೇಕು, ಯಾಕೆಂದರೆ ಹಿಂದಿ ಬರವಣಿಗೆಯಲ್ಲಿ ಆ ಭೇದವೇ ಇಲ್ಲ. ಇನ್ನು ಹೊರದೇಶದಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳು. ಎಷ್ಟೋ ಮಕ್ಕಳು ಅಜ್ಜಿಯ ಜತೆ ಕನ್ನಡದಲ್ಲಿ ಜಗಳ ಆಡುವಷ್ಟು ಮಾತು ಬಲ್ಲರು, ಅಕ್ಷರ ಮಾತ್ರ ಬಾರದು. ಇವರೆಲ್ಲರಿಗೂ ಒಂದೇ ಪುಟ, ಒಂದೇ ಕ್ರಮ ಕೊಟ್ಟರೆ ಒಬ್ಬರಿಗೆ ಬೇಜಾರು, ಇನ್ನೊಬ್ಬರಿಗೆ ತಲೆಬಿಸಿ.

ಓದುವವರಿಗೆ ತಕ್ಕಂತೆ ಪುಟದ ಮಾತನ್ನೂ ಲಿಂಕುಗಳನ್ನೂ ಬದಲಿಸಿಕೊಳ್ಳುವ ವ್ಯವಸ್ಥೆಗೆ ಅಡಾಪ್ಟಿವ್ ಹೈಪರ್‌ಮೀಡಿಯಾ ಎಂದು ಹೆಸರು. ಇದು ಇವತ್ತಿನ ಎಐ ಗದ್ದಲಕ್ಕಿಂತ ತುಂಬಾ ಹಳೆಯದು. ಲಿಂಕುಗಳಿಂದ ಹೆಣೆದ ಬರಹಕ್ಕೆ ಹೈಪರ್‌ಟೆಕ್ಸ್ಟ್ ಎಂಬ ಪದವನ್ನು ಟೆಡ್ ನೆಲ್ಸನ್ ಕೊಟ್ಟಿದ್ದು 1965ರಲ್ಲಿ. ಲಿಂಕು ಜಾಸ್ತಿಯಾದಷ್ಟೂ ಓದುವವರು ಎಲ್ಲಿದ್ದೇವೆ ಎಂದು ತಿಳಿಯದೆ ಕಳೆದುಹೋಗುತ್ತಾರೆ ಎಂದು ಸಂಶೋಧಕ ಜೆಫ್ ಕಾಂಕ್ಲಿನ್ 1987ರಲ್ಲೇ ಬರೆದಿದ್ದರು. ಆ ಕಳೆದುಹೋಗುವಿಕೆಗೆ ಮದ್ದು ಹುಡುಕುತ್ತಾ ಹೋದವರಿಂದಲೇ ಈ ವಿದ್ಯೆ ಬೆಳೆದದ್ದು. 1996ರಲ್ಲಿ ಪೀಟರ್ ಬ್ರುಸಿಲೋವ್ಸ್ಕಿ ಎಂಬ ಸಂಶೋಧಕರು ಅಲ್ಲಿಯವರೆಗಿನ ಪ್ರಯತ್ನಗಳನ್ನೆಲ್ಲ ಒಟ್ಟು ಮಾಡಿ ಎರಡು ಭಾಗ ಮಾಡಿದರು: ಪುಟದೊಳಗಿನ ವಿಷಯವನ್ನು ಬದಲಿಸುವುದು ಒಂದು, ಪುಟದಿಂದ ಪುಟಕ್ಕೆ ಹೋಗುವ ದಾರಿಯನ್ನು ಬದಲಿಸುವುದು ಇನ್ನೊಂದು.

ಇಲ್ಲಿ ಅಂಥದ್ದೊಂದು ಚಿಕ್ಕ ತಾಣವನ್ನು ಹಂತ ಹಂತವಾಗಿ ಕಟ್ಟೋಣ. ವಿಷಯ: ಬೆಂಗಳೂರಿನ ಬೋರ್ಡುಗಳನ್ನು ಓದುವಷ್ಟು ಕನ್ನಡ ಲಿಪಿ. ಸರ್ವರ್ ಬೇಡ, ಡೇಟಾಬೇಸ್ ಬೇಡ. ಎಚ್‌ಟಿಎಂಎಲ್ ಮತ್ತು ಅಲ್ಪಸ್ವಲ್ಪ ಜಾವಾಸ್ಕ್ರಿಪ್ಟ್ ಬಂದರೆ ಸಾಕು. ಅದೂ ಬಾರದಿದ್ದರೆ ಮೊದಲ ಮೂರು ಹಂತ ಕಾಗದದ ಮೇಲೆ ಮಾಡಿ, ಬರುವವರ ಕೈಗೆ ಕೊಡಿ. ಕಷ್ಟದ ಕೆಲಸ ಇರುವುದು ಆ ಕಾಗದದಲ್ಲೇ.

ಹಂತ 1: ವಿಷಯವನ್ನು ತುಂಡು ಮಾಡಿ

ಮೊದಲು ಪುಟ ಬರೆಯಬೇಡಿ. ಕಲಿಯಬೇಕಾದ ಸಂಗತಿಗಳ ಪಟ್ಟಿ ಮಾಡಿ. ಕನ್ನಡ ಲಿಪಿಗೆ ಇದು ಸುಲಭ, ಶಾಲೆಯ ವ್ಯಾಕರಣವೇ ವಿಂಗಡಿಸಿ ಕೊಟ್ಟಿದೆ: 13 ಸ್ವರ, 2 ಯೋಗವಾಹ, 34 ವ್ಯಂಜನ. ಆಮೇಲೆ ಕಾಗುಣಿತ, ಒತ್ತಕ್ಷರ, ಅರ್ಕಾವತ್ತು.

ಎಷ್ಟು ಸಣ್ಣದಾಗಿ ತುಂಡು ಮಾಡಬೇಕು ಎನ್ನುವುದೇ ಇಲ್ಲಿನ ಪ್ರಶ್ನೆ. ಒತ್ತಕ್ಷರ ಎಂದು ಒಂದೇ ತುಂಡು ಇಟ್ಟುಕೊಂಡರೆ ಆಗುವುದಿಲ್ಲ. ಕ, ಗ, ಪ, ವಗಳ ಒತ್ತು ಹೆಚ್ಚುಕಡಿಮೆ ಆ ಅಕ್ಷರದ ಹಾಗೇ ಇರುತ್ತದೆ, ತಲಕಟ್ಟು ಹೋಗಿ ಚಿಕ್ಕದಾಗಿರುತ್ತದೆ ಅಷ್ಟೆ. ಆದರೆ ತ, ನ, ಮ, ಯ, ರ, ಲ ಈ ಆರರ ಒತ್ತಿಗೂ ಮೂಲ ಅಕ್ಷರಕ್ಕೂ ಸಂಬಂಧವೇ ಕಾಣದು. ‘ಅಕ್ಕ’ ಓದಿದವರು ‘ಅಮ್ಮ’ ಓದಿಯಾರು ಎಂದು ಹೇಳುವಂತಿಲ್ಲ. ಹಾಗಾಗಿ ಈ ಆರಕ್ಕೆ ಆರು ತುಂಡು, ಉಳಿದವಕ್ಕೆಲ್ಲ ಸೇರಿ ಒಂದು. ಕೊಂಬಿನ ಕಥೆಯೂ ಇದೇ. ಕು, ಗು, ನು ಕಲಿತವರು ಪು, ವು ಕಂಡಾಗ ತಡವರಿಸುತ್ತಾರೆ, ಅಲ್ಲಿ ಕೊಂಬು ಬೇರೆ ಥರ ಕೂರುತ್ತದೆ. ಅದೂ ಬೇರೆ ತುಂಡಾಗಲಿ.

ನಿಯಮ ಇಷ್ಟೇ: ಒಂದು ಗೊತ್ತಿದ್ದು ಇನ್ನೊಂದು ಗೊತ್ತಿಲ್ಲದ ಮನುಷ್ಯ ಇರಲು ಸಾಧ್ಯವಾದರೆ ಅವು ಎರಡು ತುಂಡು. ಸಾಧ್ಯವಿಲ್ಲದಿದ್ದರೆ ಒಂದೇ.

ಹಂತ 2: ಪ್ರತಿ ಪುಟಕ್ಕೂ ಎರಡು ಸಾಲು

ಈಗ ಪುಟಗಳ ಪಟ್ಟಿ. ಒಂದೊಂದು ಪುಟದ ಮುಂದೆ ಎರಡು ಸಾಲು ಬರೆಯಿರಿ: ಈ ಪುಟ ಓದಲು ಮೊದಲೇ ಏನೇನು ಗೊತ್ತಿರಬೇಕು, ಓದಿದ ಮೇಲೆ ಹೊಸದಾಗಿ ಏನು ಗೊತ್ತಾಗುತ್ತದೆ. ನೆದರ್‌ಲ್ಯಾಂಡ್ಸ್‌ನ ಐಂದ್‌ಹೋವನ್‌ನಲ್ಲಿ ಪಾಲ್ ಡಿ ಬ್ರಾ ತಂಡ ಕಟ್ಟಿದ ಅಹಾ ಎಂಬ ವ್ಯವಸ್ಥೆಯಾಗಲಿ, ಜರ್ಮನಿಯಲ್ಲಿ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತಿದ್ದ ಎಲ್ಮ್-ಆರ್ಟ್ ಆಗಲಿ, ಒಳಗೆ ಇಂಥ ಸಾಲುಗಳ ಮೇಲೇ ನಿಂತಿದ್ದವು.

ನಮ್ಮ ತಾಣದಲ್ಲಿ ಒಂದು ಬೋರ್ಡಿಗೆ ಒಂದು ಪುಟ. ಜಯನಗರ ಬೋರ್ಡಿಗೆ ಬೇಕಾದದ್ದು ಜ, ಯ, ನ, ಗ, ರ. ಐದು ವ್ಯಂಜನ, ಅದೂ ಬರೀ ತಲಕಟ್ಟು. ಕಾಗುಣಿತ ಬೇಡ, ಒತ್ತು ಬೇಡ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಬೋರ್ಡು ಸಿಗುವುದು ಕಷ್ಟ. ಬನಶಂಕರಿಗೆ ಹೋದರೆ ಸೊನ್ನೆ ಮತ್ತು ಗುಡಿಸು ಸೇರುತ್ತವೆ. ಯಶವಂತಪುರಕ್ಕೆ ಸೊನ್ನೆ ಬೇಕು, ಜತೆಗೆ ಆ ತಂಟೆಯ ಪು. ಮಲ್ಲೇಶ್ವರಕ್ಕೆ ಮ, ಲ, ಶ, ವ, ರ, ಏತ್ವದ ದೀರ್ಘ, ಲ ಒತ್ತು, ಉಳಿದವುಗಳ ತುಂಡಿನಲ್ಲಿ ಬರುವ ವ ಒತ್ತು. ಸೂರ್ಯ ಎಂದು ಶುರುವಾಗುವ ಅಂಗಡಿಯ ಬೋರ್ಡಿದ್ದರೆ ಅರ್ಕಾವತ್ತು.

ಬೋರ್ಡಿನಲ್ಲಿ ಯಾವ ಅಕ್ಷರ ಇದೆ ಎಂದು ಕಂಪ್ಯೂಟರೇ ಹುಡುಕಬಹುದಲ್ವಾ ಎಂದು ಕೇಳಬಹುದು. ಹುಡುಕಬಹುದು. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಕೋಡು ಕೊಡುವ ಯೂನಿಕೋಡ್‌ನಲ್ಲಿ ಒತ್ತಕ್ಷರ ಎಂದರೆ ವ್ಯಂಜನ, ಅದರ ಸ್ವರ ತೆಗೆಯುವ ವಿರಾಮ ಎಂಬ ಗುರುತು, ಮತ್ತೊಂದು ವ್ಯಂಜನ. ಬಿಡಿಸುವುದು ಕಷ್ಟವಲ್ಲ. ಅರ್ಕಾವತ್ತನ್ನು ಮಾತ್ರ ಗಮನಿಸಿ: ಅಲ್ಲಿಯೂ ಕೋಡಿನ ಕ್ರಮ ರ, ವಿರಾಮ, ಯ ಎಂದೇ ಇರುತ್ತದೆ, ಕಣ್ಣಿಗೆ ಮಾತ್ರ ಯ ಮೊದಲು, ರೇಫದ ಗುರುತು ಆಮೇಲೆ. ಕಲಿಯುವವರು ನೋಡುವುದು ಕಣ್ಣಿಗೆ ಕಾಣುವುದನ್ನು. ಮೊದಲ ಇಪ್ಪತ್ತು ಬೋರ್ಡುಗಳನ್ನಾದರೂ ಕೈಯಲ್ಲೇ ಬಿಡಿಸಿ, ಎಲ್ಲಿ ಎಡವುತ್ತಾರೆ ಎಂಬುದು ಆಗಲೇ ನಿಮಗೆ ತಿಳಿಯುವುದು.

ಸುತ್ತು ಬೀಳದಂತೆ ನೋಡಿಕೊಳ್ಳಿ. ಮೊದಲ ಪುಟಕ್ಕೆ ಎರಡನೆಯದು ಬೇಕು, ಎರಡನೆಯದಕ್ಕೆ ಮೊದಲನೆಯದು ಬೇಕು ಎಂದಾದರೆ ಓದುಗರು ಅಲ್ಲೇ ಸಿಕ್ಕಿಬಿದ್ದ ಹಾಗೆ.

ಹಂತ 3: ಓದುಗರ ಬಗ್ಗೆ ಏನನ್ನು ಬರೆದಿಡಬೇಕು

ಯೂಸರ್ ಮಾಡೆಲ್ ಎಂಬ ದೊಡ್ಡ ಹೆಸರಿದೆ. ನಿಜಕ್ಕೂ ಅದೊಂದು ಪಟ್ಟಿ: ಹಂತ 1ರ ತುಂಡುಗಳು, ಪ್ರತಿಯೊಂದರ ಮುಂದೆ ಈ ಓದುಗರಿಗೆ ಅದು ಎಷ್ಟು ಗೊತ್ತು ಎಂಬ ಅಂದಾಜು. ವಿಷಯದ ನಕ್ಷೆಯ ಮೇಲೆ ಓದುಗರ ತಿಳಿವಳಿಕೆಯನ್ನು ಹಾಸಿದ ಹಾಗಿರುವುದರಿಂದ ಇದನ್ನು ಓವರ್‌ಲೇ ಮಾಡೆಲ್ ಎನ್ನುತ್ತಾರೆ.

ಒಂದೇ ಅಂಕ ಇಡುವ ಆಸೆಯಾಗುತ್ತದೆ. ಬೇಡ. ಎಲ್ಮ್-ಆರ್ಟ್ ಮಾಡಿದ ಹಾಗೆ ನಾಲ್ಕು ಕಾಲಂ ಇಡಿ: ಪುಟ ನೋಡಿದ್ದಾರಾ, ಪ್ರಶ್ನೆಗೆ ಸರಿ ಉತ್ತರ ಕೊಟ್ಟಿದ್ದಾರಾ, ಬೇರೆ ಉತ್ತರಗಳಿಂದ ನಾವು ಊಹಿಸಿದ್ದಾ, ತಮಗೆ ಗೊತ್ತು ಎಂದು ಅವರೇ ಹೇಳಿದ್ದಾ. ಇವನ್ನು ಬೆರೆಸಿ ಒಂದೇ ಅಂಕ ಮಾಡಿದರೆ ಆಮೇಲೆ ಬಿಡಿಸಲಾಗದು. ಮಲ್ಲೇಶ್ವರ ಓದಿದವರಿಗೆ ಮ, ರ ಗೊತ್ತು ಎಂದು ಊಹಿಸುವುದು ಸರಿಯೇ, ಆದರೆ ಅದು ಊಹೆ ಎಂಬ ಗುರುತು ಉಳಿಯಬೇಕು. ನಾಳೆ ಅವರು ಮ ತಪ್ಪು ಹೇಳಿದರೆ ಊಹೆಯನ್ನು ಮಾತ್ರ ಅಳಿಸಬಹುದು.

ಹೆಸರು, ವಯಸ್ಸು, ಊರು, ಫೋನ್ ನಂಬರ್ ಇದರಲ್ಲಿ ಯಾವುದೂ ಬೇಕಿಲ್ಲ. ಅಕ್ಷರ ಕಲಿಸಲು ಅದರಿಂದ ಏನೂ ಉಪಯೋಗವಿಲ್ಲ.

ಹಂತ 4: ಗೊತ್ತು ಎಂದು ಯಾವಾಗ ನಂಬುವುದು

ಪುಟ ತೆರೆದ ಮಾತ್ರಕ್ಕೆ ಓದಿದರು ಎಂದಲ್ಲ. ಪುಟದ ಮೇಲೆ ಐದು ನಿಮಿಷ ಇದ್ದರು ಎಂದರೂ ಓದಿದರು ಎಂದಲ್ಲ, ಫೋನ್ ಕೆಳಗಿಟ್ಟು ಕಾಫಿ ಮಾಡಲು ಹೋಗಿರಬಹುದು. ಹಾಗಾಗಿ ಪುಟ ನೋಡಿದ್ದಕ್ಕೆ ಕಡಿಮೆ ಬೆಲೆ, ಪ್ರಶ್ನೆಗೆ ಉತ್ತರಿಸಿದ್ದಕ್ಕೆ ಜಾಸ್ತಿ ಬೆಲೆ. ಅಹಾ ವ್ಯವಸ್ಥೆಯಲ್ಲಿ ಇನ್ನೊಂದು ಜಾಣತನ ಇತ್ತು: ಮೊದಲು ಬೇಕಾದ್ದನ್ನು ಓದದೆ ನೇರ ಹಾರಿ ಬಂದವರಿಗೆ, ಅದೇ ಪುಟ ಓದಿದರೂ, ಕಡಿಮೆ ಅಂಕ ಕೊಡುವಂತೆ ನಿಯಮ ಬರೆಯಬಹುದಿತ್ತು.

ನಾಲ್ಕು ಆಯ್ಕೆಯ ಪ್ರಶ್ನೆಗೆ ಸುಮ್ನೆ ಒತ್ತಿದರೂ ನಾಲ್ಕಕ್ಕೆ ಒಂದು ಸಲ ಸರಿಯಾಗುತ್ತದೆ. ಎರಡು ಸಲ, ಬೇರೆ ಬೇರೆ ದಿನ, ಸರಿ ಹೇಳಿದರೆ ಮಾತ್ರ ಗೊತ್ತು ಎಂದು ಬರೆಯಿರಿ. ಆಗ ಊಹೆಯಿಂದ ದಾಟುವ ಸಂಭವ ಹದಿನಾರಕ್ಕೆ ಒಂದಕ್ಕೆ ಇಳಿಯುತ್ತದೆ. ತಪ್ಪಾದರೆ ಸೊನ್ನೆಗೆ ತಳ್ಳಬೇಡಿ, ಒಂದು ಮೆಟ್ಟಿಲು ಇಳಿಸಿದರೆ ಸಾಕು.

ಇದಕ್ಕಿಂತ ಮುಖ್ಯವಾದದ್ದು ತಪ್ಪು ಆಯ್ಕೆಗಳು ಯಾವುವು ಎನ್ನುವುದು. ಧ ಯಾವುದು ಎಂದು ಕೇಳಿ ಜತೆಗೆ ಕ, ಲ, ಊ ಇಟ್ಟರೆ ಯಾರು ಬೇಕಾದರೂ ಹೇಳುತ್ತಾರೆ. ದ, ಧ, ಥ ಮೂರನ್ನೂ ಸಾಲಾಗಿ ಇಡಿ. ಷ ಕೇಳುವಾಗ ಪ ಇರಲಿ, ಠ ಕೇಳುವಾಗ ರ ಇರಲಿ. ಪ್ರಶ್ನೆ ಸಡಿಲವಾಗಿದ್ದರೆ ಪಟ್ಟಿ ಸುಳ್ಳಾಗುತ್ತದೆ, ಪಟ್ಟಿ ಸುಳ್ಳಾದರೆ ಮುಂದಿನದೆಲ್ಲ ತಪ್ಪು ದಾರಿ.

ಹಂತ 5: ಲಿಂಕುಗಳಿಗೆ ಗುರುತು

ಈಗ ನಿಜವಾದ ಕೆಲಸ. ಓದುಗರ ಪಟ್ಟಿ ಇದೆ, ಪುಟದ ಬೇಡಿಕೆಯ ಸಾಲು ಇದೆ. ಎರಡನ್ನೂ ಹೋಲಿಸಿದರೆ ಪ್ರತಿ ಲಿಂಕೂ ಮೂರರಲ್ಲಿ ಒಂದಾಗುತ್ತದೆ. ಬೇಕಾದದ್ದೆಲ್ಲ ಗೊತ್ತಿದೆ, ಹೊಸದೂ ಇದೆ: ಇದು ಈಗ ಓದಬೇಕಾದ್ದು. ಬೇಕಾದದ್ದೇ ಇನ್ನೂ ಗೊತ್ತಿಲ್ಲ: ಇದು ಆಮೇಲಿನದ್ದು. ಹೊಸದೇನೂ ಇಲ್ಲ: ಇದು ಮುಗಿದದ್ದು. ಬ್ರುಸಿಲೋವ್ಸ್ಕಿ ಮತ್ತು ಸಂಗಡಿಗರು ಕಟ್ಟಿದ ಇಂಟರ್‌ಬುಕ್ ಎಂಬ ವ್ಯವಸ್ಥೆಯಲ್ಲಿ ಇದಕ್ಕೆ ಹಸಿರು, ಕೆಂಪು, ಬಿಳಿ ಗುಂಡುಗಳನ್ನು ಲಿಂಕಿನ ಪಕ್ಕ ಇಡುತ್ತಿದ್ದರು. ಟ್ರಾಫಿಕ್ ಸಿಗ್ನಲ್ ಬಲ್ಲವರಿಗೆಲ್ಲ ಅರ್ಥವಾಗುವಂಥದ್ದು.

ಗುರುತು ಮಾಡುವುದಷ್ಟೇ ದಾರಿಯಲ್ಲ. ಲಿಂಕನ್ನು ಮುಚ್ಚಿಡಬಹುದು, ಕ್ರಮ ಬದಲಿಸಬಹುದು, ಎಲ್ಲ ಬಿಟ್ಟು ‘ಮುಂದೆ’ ಎಂಬ ಒಂದೇ ಬಟನ್ ಕೊಡಬಹುದು. ನನ್ನ ಮತ ಗುರುತಿಗೇ. ಮುಚ್ಚಿಟ್ಟ ಲಿಂಕು ಇದೆ ಎಂದೇ ಓದುಗರಿಗೆ ತಿಳಿಯದು. ಮಲ್ಲೇಶ್ವರದಲ್ಲೇ ಮನೆ ಮಾಡಿದವರಿಗೆ ಮೊದಲು ಓದಬೇಕೆನಿಸುವುದು ಮಲ್ಲೇಶ್ವರದ ಬೋರ್ಡೇ ತಾನೆ? ಅದನ್ನು ಮುಚ್ಚಿ ಜಯನಗರ ತೋರಿಸಿದರೆ ಅವರು ತಾಣವನ್ನೇ ಮುಚ್ಚುತ್ತಾರೆ.

ಕ್ರಮ ಬದಲಿಸುವುದಕ್ಕೂ ಒಂದು ಎಚ್ಚರಿಕೆ. ಬಲಗಡೆಯ ಮೆನು ದಿನಕ್ಕೊಂದು ಥರ ಕಂಡರೆ ನಿನ್ನೆ ಮೂರನೆಯ ಸಾಲಲ್ಲಿದ್ದದ್ದು ಇವತ್ತು ಎಲ್ಲಿ ಎಂದು ಹುಡುಕುವುದೇ ಕೆಲಸವಾಗುತ್ತದೆ. ಮುಖ್ಯ ಮೆನುವಿನ ಕ್ರಮ ಮುಟ್ಟಬೇಡಿ. ಅಭ್ಯಾಸದ ಪದಗಳ ಹಾಗೆ ಸ್ಥಿರ ಕ್ರಮವೇ ಇಲ್ಲದ ಪಟ್ಟಿಯಲ್ಲಿ ಮಾತ್ರ ಮೇಲೆ ಕೆಳಗೆ ಮಾಡಿ. ‘ಮುಂದೆ’ ಬಟನ್ ಇರಲಿ, ಮೆನುವಿನ ಜತೆಗೆ ಇರಲಿ, ಅದರ ಬದಲಿಗೆ ಅಲ್ಲ.

ಬರೀ ಬಣ್ಣ ನಂಬಬೇಡಿ. ಕೆಂಪು ಹಸಿರು ಭೇದ ಕಾಣದವರು, ಅದರಲ್ಲೂ ಗಂಡಸರು, ಅಪರೂಪವೇನಲ್ಲ. ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೆ ಬಣ್ಣ ಕೇಳಿಸುವುದೂ ಇಲ್ಲ. ಲಿಂಕಿನ ಪಕ್ಕ ಮಾತೇ ಇರಲಿ. ವ್ಯಂಜನ, ಕಾಗುಣಿತ ಕಲಿತು ಒತ್ತು ಕಲಿಯದವರಿಗೆ ನಮ್ಮ ಮೆನು ಹೀಗೆ ಕಾಣಬೇಕು:

ಜಯನಗರ: ಓದಿ ಆಯಿತು
ಬನಶಂಕರಿ: ಈಗ ಓದಬಹುದು
ಮಲ್ಲೇಶ್ವರ: ಲ ಒತ್ತು, ವ ಒತ್ತು ಬಾಕಿ

ಮೂರನೆಯ ಸಾಲು ನೋಡಿ. ಅಲ್ಲಿ ಸುಮ್ಮನೆ ಕೆಂಪು ಗುಂಡಿಟ್ಟರೆ ಬೇಡ ಎಂದಷ್ಟೇ ಹೇಳಿದಂತಾಯಿತು. ಏನು ಬಾಕಿ ಎಂದು ಹೇಳಿ, ಆ ಲ ಒತ್ತು ಎಂಬ ಮಾತನ್ನೇ ಅದರ ಪಾಠಕ್ಕೆ ಲಿಂಕು ಮಾಡಿದರೆ ದಾರಿ ತೋರಿಸಿದ ಹಾಗೆ. ಹಂತ 2ರಲ್ಲಿ ಬೇಡಿಕೆಯ ಸಾಲು ಬರೆದಿದ್ದರಿಂದ ಇದಕ್ಕೆ ಹೊಸದಾಗಿ ಏನೂ ಬರೆಯಬೇಕಿಲ್ಲ, ಗೊತ್ತಿಲ್ಲದ ತುಂಡುಗಳ ಹೆಸರನ್ನು ಅಲ್ಲಿಂದಲೇ ಎತ್ತಿ ತೋರಿಸಬಹುದು.

ಹಂತ 6: ಪುಟದೊಳಗಿನ ಮಾತು

ಇಲ್ಲಿ ಕೈ ಬಿಗಿ ಇರಲಿ. ಒಂದೊಂದು ಪುಟಕ್ಕೂ ನಾಲ್ಕು ರೂಪ ಬರೆದರೆ, ತಿದ್ದುಪಡಿ ಬಂದಾಗ ನಾಲ್ಕು ಕಡೆ ತಿದ್ದಬೇಕು. ಪುಟ ಒಂದೇ ಇರಲಿ, ಅದರಲ್ಲಿ ಎರಡು ಮೂರು ಕಡೆ ಮಾತ್ರ ಬದಲಾಗುವ ಪ್ಯಾರಾ ಇರಲಿ.

ಎಲ್ಲಿ ಬದಲಾಗಬೇಕು ಎನ್ನುವುದು ಓದುಗರಿಗೆ ಈಗಾಗಲೇ ಬರುವ ಲಿಪಿಯನ್ನು ನೋಡಿದರೆ ತಿಳಿಯುತ್ತದೆ. ತಮಿಳು ಓದುವವರಿಗೆ ಎ ಏ, ಒ ಓ ಭೇದ ಹೇಳಬೇಕಿಲ್ಲ, ಅವರಲ್ಲೂ ಇದೆ. ಳ ಕೂಡ ಇದೆ. ಆದರೆ ತಮಿಳಿನಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ, ಮಹಾಪ್ರಾಣಕ್ಕಂತೂ ಬೇರೆ ಅಕ್ಷರವೇ ಇಲ್ಲ. ಕ, ಖ, ಗ, ಘ ಪುಟದಲ್ಲಿ ಅವರಿಗೆ ಒಂದು ಪ್ಯಾರಾ ಹೆಚ್ಚು ಬೇಕು. ಹಿಂದಿಯವರಿಗೆ ಇದು ಉಲ್ಟಾ: ಖ, ಘ ಸಲೀಸು, ಎ ಏ ಮತ್ತು ಳ ಹೊಸತು. ಮರಾಠಿಯವರಿಗೆ ಳ ಮನೆಯ ಅಕ್ಷರವೇ. ತೆಲುಗಿನವರಿಗೆ ಅಕ್ಷರದ ಪಾಠವನ್ನು ಚಿಕ್ಕದು ಮಾಡಿ, ತಲಕಟ್ಟಿನ ಆಕಾರ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ದೊಡ್ಡದು ಮಾಡಿ. ಮಾತು ಬಲ್ಲ ಅನಿವಾಸಿ ಮಕ್ಕಳಿಗೆ ಪದದ ಅರ್ಥ ಬೇಡ, ಉಚ್ಚಾರಣೆಯ ಟಿಪ್ಪಣಿಯೂ ಬೇಡ.

ಬೇಡದ ಪ್ಯಾರಾವನ್ನು ಪೂರ್ತಿ ತೆಗೆಯುವ ಬದಲು ಮಡಿಸಿಡಿ. ಓದುಗರು ಬಿಡಿಸಿದರೆ ಹಿಗ್ಗುವ ಬರಹಕ್ಕೆ ಟೆಡ್ ನೆಲ್ಸನ್ 1967ರಲ್ಲಿ ಸ್ಟ್ರೆಚ್‌ಟೆಕ್ಸ್ಟ್ ಎಂದು ಹೆಸರಿಟ್ಟಿದ್ದರು. ಯಾವುದು ಬಿಚ್ಚಿರಬೇಕು, ಯಾವುದು ಮಡಿಸಿರಬೇಕು ಎಂದು ಓದುಗರ ಮಟ್ಟ ನೋಡಿ ನಿರ್ಧರಿಸುವ ಮೆಟಾಡಾಕ್ ಎಂಬ ವ್ಯವಸ್ಥೆ ಆಮೇಲೆ ಬಂತು. ಈಗ ಅಷ್ಟೆಲ್ಲ ಕಷ್ಟವಿಲ್ಲ, ಎಚ್‌ಟಿಎಂಎಲ್‌ನ ಡೀಟೇಲ್ಸ್ ಟ್ಯಾಗ್ ಸಾಕು. ಹಿಂದಿ ಓದುವವರಿಗೆ ಎ ಏ ಪ್ಯಾರಾ ಬಿಚ್ಚಿಕೊಂಡು ಬರುತ್ತದೆ, ತಮಿಳಿನವರಿಗೆ ಶೀರ್ಷಿಕೆ ಮಾತ್ರ ಕಾಣುತ್ತದೆ. ಮಡಿಸಿದ್ದನ್ನು ಓದುಗರು ಬಿಚ್ಚಿದರೆ ಅದೂ ಒಂದು ಸುದ್ದಿ: ನಮ್ಮ ಅಂದಾಜು ತಪ್ಪಿರಬಹುದು.

ಹಂತ 7: ಮೊದಲ ದಿನ ಏನು ಮಾಡುವುದು

ಹೊಸಬರ ಪಟ್ಟಿ ಖಾಲಿ. ಆಗ ಒಂದೇ ಒಂದು ಪ್ರಶ್ನೆ ಕೇಳಿ: ನಿಮಗೆ ಈಗ ಯಾವ ಲಿಪಿ ಓದಲು ಬರುತ್ತದೆ? ತಾಯ್ನುಡಿ ಯಾವುದು ಎಂದು ಕೇಳಬೇಡಿ. ಹೈದರಾಬಾದಿನಲ್ಲಿ ಓದಿದ ಹಿಂದಿ ಮನೆಯವರಿಗೆ ತೆಲುಗು ಚೆನ್ನಾಗಿ ಬರಬಹುದು, ತೆಲುಗು ಮನೆಯವರಿಗೆ ತೆಲುಗು ಅಕ್ಷರವೇ ಬಾರದಿರಬಹುದು. ಒಂದಕ್ಕಿಂತ ಹೆಚ್ಚು ಉತ್ತರ ಆರಿಸಲು ಬಿಡಿ. ದಾಟಿಹೋಗುವ ಅವಕಾಶವೂ ಇರಲಿ.

ಗುಂಪು ನೋಡಿ ಅಂದಾಜು ಮಾಡುವುದಕ್ಕೆ ಸ್ಟೀರಿಯೊಟೈಪ್ ಎನ್ನುತ್ತಾರೆ. ಎಲೇನ್ ರಿಚ್ 1979ರಲ್ಲೇ ಈ ವಿಧಾನವನ್ನು ಕಾದಂಬರಿ ಸೂಚಿಸುವ ವ್ಯವಸ್ಥೆಯೊಂದರಲ್ಲಿ ತೋರಿಸಿದ್ದರು. ಮೊದಲ ಹತ್ತು ನಿಮಿಷಕ್ಕೆ ಇದು ಸರಿ. ಓದುಗರ ಸ್ವಂತ ಉತ್ತರ ಬರುತ್ತಿದ್ದಂತೆ ಗುಂಪಿನ ಅಂದಾಜು ಹಿಂದೆ ಸರಿಯಬೇಕು.

ಹಂತ 8: ಪಟ್ಟಿ ಎಲ್ಲಿರಬೇಕು, ಯಾರಿಗೆ ಕಾಣಬೇಕು

ಓದುಗರ ಫೋನಿನಲ್ಲೇ ಇರಲಿ. ಬ್ರೌಸರಿನ ಲೋಕಲ್ ಸ್ಟೋರೇಜ್, ಅಂದರೆ ಬ್ರೌಸರ್ ಫೋನಿನಲ್ಲೇ ಇಟ್ಟುಕೊಳ್ಳುವ ಸಂಗ್ರಹ, ಈ ಅಳತೆಯ ಕೆಲಸಕ್ಕೆ ಧಾರಾಳ. ಸರ್ವರಿಗೆ ಕಳಿಸಲು ಹೊರಟರೆ ಕಾನೂನಿನ ಲೆಕ್ಕವೂ ಬರುತ್ತದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ 18 ತುಂಬದವರ ಡೇಟಾಕ್ಕೆ ತಂದೆತಾಯಿಯ ಒಪ್ಪಿಗೆ ಕೇಳುತ್ತದೆ, ಮಕ್ಕಳ ನಡವಳಿಕೆಯನ್ನು ಹಿಂಬಾಲಿಸುವುದನ್ನು ತಡೆಯುತ್ತದೆ. ಅಕ್ಷರ ಕಲಿಯಲು ಬರುವವರಲ್ಲಿ ಮಕ್ಕಳೂ ಇರುತ್ತಾರಲ್ವಾ?

ಫೋನಿನಲ್ಲೇ ಇಡುವುದಕ್ಕೂ ತೊಡಕುಗಳಿವೆ. ನಮ್ಮ ಕಡೆ ಒಂದು ಫೋನು ಮನೆಮಂದಿಗೆಲ್ಲ. ಮಗಳು ಕಲಿತದ್ದು ಅಪ್ಪನ ಲೆಕ್ಕಕ್ಕೆ ಬೀಳುತ್ತದೆ. ಶುರುವಿನಲ್ಲೇ ಯಾರು ಓದುತ್ತಿದ್ದೀರಿ ಎಂದು ಕೇಳಿ ಎರಡು ಮೂರು ಪಟ್ಟಿ ಇಡಲು ಬಿಡಿ, ನಿಜ ಹೆಸರು ಬೇಕಿಲ್ಲ, ಹೂವಿನ ಚಿತ್ರ ಸಾಕು. ಎರಡನೆಯದು ಆ್ಯಪಲ್‌ನ ಸಫಾರಿ ಬ್ರೌಸರ್. ಬ್ರೌಸರ್ ಬಳಸುತ್ತಿದ್ದು ನಿಮ್ಮ ತಾಣವನ್ನು ಮಾತ್ರ ಏಳು ದಿನ ಮುಟ್ಟದಿದ್ದರೆ ಅದು ಈ ಸಂಗ್ರಹವನ್ನು ಅಳಿಸಿಬಿಡುತ್ತದೆ. ಪಟ್ಟಿಯನ್ನು ಫೈಲಾಗಿ ಇಳಿಸಿಕೊಂಡು ಮತ್ತೆ ಏರಿಸುವ ಬಟನ್ ಒಂದಿರಲಿ.

ಪಟ್ಟಿಯನ್ನು ಓದುಗರಿಗೆ ತೋರಿಸಿ. ನಿಮಗೆ ಇದು ಗೊತ್ತು ಎಂದುಕೊಂಡಿದ್ದೇವೆ, ಇದಕ್ಕೆ ಕಾರಣ ಇದು ಎಂದು ಪೂರ್ತಿ ವಾಕ್ಯದಲ್ಲಿ ಹೇಳಿ, ಪಕ್ಕದಲ್ಲಿ ತಿದ್ದುವ ಅವಕಾಶ ಕೊಡಿ. ಶಾಪಿಂಗ್ ಆ್ಯಪುಗಳಿಗೂ ಇದಕ್ಕೂ ನಾನು ಕಾಣುವ ದೊಡ್ಡ ವ್ಯತ್ಯಾಸ ಇಲ್ಲೇ. ಅವು ನಿಮ್ಮ ಬಗ್ಗೆ ಏನೆಂದುಕೊಂಡಿವೆ ಎಂದು ನಿಮಗೆ ಗೊತ್ತಾಗುವುದಿಲ್ಲ, ಒಂದು ಸಲ ಪ್ರೆಶರ್ ಕುಕ್ಕರ್ ಕೊಂಡವರಿಗೆ ತಿಂಗಳುಗಟ್ಟಲೆ ಕುಕ್ಕರೇ ತೋರಿಸುತ್ತಾ ಇರುತ್ತವೆ.

ಹಂತ 9: ಬಿಡುಗಡೆಗೆ ಮುಂಚೆ

ಮೂರು ಕಾಲ್ಪನಿಕ ಓದುಗರನ್ನು ಮಾಡಿಕೊಳ್ಳಿ: ತೆಲುಗು ಬರುವವರು, ಹಿಂದಿ ಮಾತ್ರ ಬರುವವರು, ಯಾವ ಭಾರತೀಯ ಲಿಪಿಯೂ ಬಾರದವರು. ಮೂವರ ಪಟ್ಟಿಯನ್ನೂ ಕೈಯಲ್ಲಿ ತುಂಬಿ ಮೆನು ನೋಡಿ. ಈಗ ಓದಬಹುದು ಎಂಬ ಸಾಲು ಒಂದೂ ಇಲ್ಲದ ಸ್ಥಿತಿ ಎಲ್ಲಾದರೂ ಬಂದರೆ ನಿಮ್ಮ ಬೇಡಿಕೆಯ ಸಾಲುಗಳಲ್ಲಿ ಏನೋ ತಪ್ಪಿದೆ. ಹತ್ತು ಹದಿನೈದು ಸಾಲು ಒಟ್ಟಿಗೆ ಬಂದರೂ ತಪ್ಪಿದೆ, ಅಷ್ಟು ಆಯ್ಕೆ ಕೊಟ್ಟರೆ ಗುರುತು ಇದ್ದೂ ಇಲ್ಲದ ಹಾಗೆ.

ಆಮೇಲೆ ನಿಜವಾದ ಓದುಗರ ಪಕ್ಕ ಕೂತು ನೋಡಿ, ಬಾಯಿ ಬಿಡಬೇಡಿ. ಬಾಕಿ ಎಂದು ಬರೆದ ಲಿಂಕನ್ನು ಒತ್ತುವವರು ಇದ್ದೇ ಇರುತ್ತಾರೆ. ಒತ್ತಲಿ. ಒತ್ತಿದ ಮೇಲೆ ಆ ಪುಟ ಅವರನ್ನು ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದನ್ನು ಗಮನಿಸಿ. ಪುಟದ ಮೇಲ್ಗಡೆ ಲ ಒತ್ತಿನ ಒಂದು ಸಾಲಿನ ವಿವರಣೆ ಮಡಿಸಿಟ್ಟಿದ್ದರೆ ಹಲವರು ಅಲ್ಲೇ ಕಲಿತು ಮುಂದೆ ಹೋಗುತ್ತಾರೆ.

ಕೊನೆಗೆ ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಆಫ್ ಮಾಡಿ ತಾಣ ತೆರೆಯಿರಿ. ಗುರುತುಗಳು ಹೋಗುತ್ತವೆ. ಆದರೆ ಎಲ್ಲ ಪುಟ, ಎಲ್ಲ ಲಿಂಕು, ಎಲ್ಲ ಪ್ಯಾರಾ ಹಾಗೇ ಇರಬೇಕು, ಡೀಟೇಲ್ಸ್ ಟ್ಯಾಗ್ ಒತ್ತಿದರೆ ಬಿಚ್ಚಿಕೊಳ್ಳಬೇಕು. ಏನಾದರೂ ಕಾಣೆಯಾಗಿದ್ದರೆ ಹಂತ 5ಕ್ಕೆ ವಾಪಸ್ ಹೋಗಿ, ಎಲ್ಲೋ ಒಂದು ಲಿಂಕನ್ನು ಮುಚ್ಚಿಟ್ಟಿದ್ದೀರಿ.